ಎಲೆ ಮಾಗುವ ಹೊತ್ತು, ಬೇರೂರುವ ಹೊತ್ತು

ಅಮೆರಿಕದ ಉತ್ತರದ ರಾಜ್ಯಗಳಲ್ಲೂ ಗಡಿಯಾಚೆಯ ಒಂಟಾರಿಯೊದಲ್ಲೂ ಸೆಪ್ಟೆಂಬರ್ ಬಂತೆಂದರೆ ಅನುಭವಸ್ಥ ಕೈತೋಟಿಗರು ಸಲಿಕೆ ಹಿಡಿದು ಹೊರಬೀಳುತ್ತಾರೆ. ಇನ್ನು ಕೆಲವೇ ವಾರಗಳಲ್ಲಿ ನೆಲ ಹೆಪ್ಪುಗಟ್ಟುತ್ತದೆಂದು ಗೊತ್ತಿದ್ದೂ, ವರ್ಷಗಳಿಂದ ಒಂದೇ ಕಡೆ ನಿಂತ ಹೂಗಿಡವನ್ನು ಬುಡಸಮೇತ ಎತ್ತುತ್ತಾರೆ. ಅದನ್ನು ಮೂರು ನಾಲ್ಕು ಹೋಳು ಮಾಡಿ ಬೇರೆ ಬೇರೆ ಪಾತಿಗಳಲ್ಲಿ ನೆಟ್ಟು ನೀರು ಹಾಕುತ್ತಾರೆ. ಕರ್ನಾಟಕದಿಂದ ಹೋಗಿ ನ್ಯೂಜೆರ್ಸಿಯಲ್ಲೋ ಮಿಷಿಗನ್‌ನಲ್ಲೋ ಮನೆ ಮಾಡಿಕೊಂಡವರಿಗೆ ಈ ಕೆಲಸ ತಲೆಕೆಳಗಾಗಿ ಕಾಣುವುದು ಸಹಜ. ಮೊದಲ ಮಳೆ ಬಿದ್ದ ಮೇಲೆ ಗಿಡ ನೆಡುವುದು ನಮ್ಮ ಕಡೆಯ ರೂಢಿ. ನೆಟ್ಟ ಗಿಡದ ಮುಂದೆ ಬೆಳೆಯುವ ಕಾಲವಿರಬೇಕು, ಸಾಯುವ ಕಾಲವಲ್ಲ ಎಂಬುದು ಆ ರೂಢಿಯ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇದೆ. ಆದರೆ ಚಳಿನಾಡಿನಲ್ಲಿ ಗಿಡದ ಬೆಳೆಯುವ ಕಾಲ ನೆಲದ ಮೇಲೊಂದು, ನೆಲದ ಕೆಳಗೊಂದು. ವಸಂತದಲ್ಲೂ ಬೇಸಿಗೆಯಲ್ಲೂ ಹೂ ಬಿಡುವ ಬಹುಪಾಲು ಬಹುವಾರ್ಷಿಕಗಳಿಗೆ ಚಳಿಗಾಲದ ಮುಂಚಿನ ಈ ಐದಾರು ವಾರಗಳು ವಸಂತಕ್ಕಿಂತ ಒಳ್ಳೆಯ ಕಾಲ. ಆ ವಾರಗಳು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತವೆಂದು ತಿಳಿಯಲು ಗಾಳಿಯ ಚಳಿಯನ್ನೂ ಕ್ಯಾಲೆಂಡರನ್ನೂ ನೋಡಿ ಪ್ರಯೋಜನವಿಲ್ಲ, ಮಣ್ಣಿನ ಕಾವನ್ನು ನೋಡಬೇಕು.

ಪಿಯೋನಿ, ಡೇಲಿಲಿ, ಹೋಸ್ಟಾ, ಸೈಬೀರಿಯನ್ ಐರಿಸ್, ಫ್ಲಾಕ್ಸ್ ಈ ಗುಂಪಿನ ಮುಖ್ಯ ಗಿಡಗಳು. ಪಿಯೋನಿ, ಡೇಲಿಲಿ, ಹೋಸ್ಟಾಗಳ ಮೂಲ ಚೀನಾ, ಜಪಾನ್, ಕೊರಿಯಾಗಳ ಸುತ್ತಲ ನಾಡು. ತೋಟದ ಫ್ಲಾಕ್ಸ್ ಅಮೆರಿಕದ ಪೂರ್ವ ಭಾಗದ್ದೇ. ಚಳಿಗಾಲದಲ್ಲಿ ಇವುಗಳ ಕಾಂಡ, ಎಲೆ ಎಲ್ಲ ಸತ್ತುಹೋಗುತ್ತವೆ. ಬುಡ, ಬೇರು, ಬುಡದಲ್ಲಿ ಮುಂದಿನ ವರ್ಷಕ್ಕೆಂದು ಕಟ್ಟಿಟ್ಟ ಮೊಗ್ಗುಗಳು ಮಾತ್ರ ನೆಲದಡಿ ಬದುಕುತ್ತವೆ. ಯಾವ ಊರಿನಲ್ಲಿ ಯಾವ ಗಿಡ ಚಳಿ ತಾಳೀತು ಎಂದು ಹೇಳಲು ಅಮೆರಿಕದ ಕೃಷಿ ಇಲಾಖೆ 1960ರಿಂದ ಒಂದು ವಲಯ ನಕ್ಷೆಯನ್ನು ಪ್ರಕಟಿಸುತ್ತಿದೆ. ಅದಕ್ಕೂ ಮೊದಲು, 1927ರಲ್ಲಿ, ಬಾಸ್ಟನ್‌ನ ಆರ್ನಾಲ್ಡ್ ಆರ್ಬೊರೇಟಮ್‌ನ ಆಲ್ಫ್ರೆಡ್ ರೇಡರ್ ಇಂಥದ್ದೇ ನಕ್ಷೆಯೊಂದನ್ನು ಮಾಡಿದ್ದರು. ಈಗಿನ ನಕ್ಷೆಯಲ್ಲಿ 13 ವಲಯಗಳಿವೆ. ವರ್ಷದ ಅತಿ ಚಳಿಯ ರಾತ್ರಿಯ ಉಷ್ಣಾಂಶಗಳ ಸರಾಸರಿಯೇ ಅದರ ಆಧಾರ. 5ನೇ ವಲಯವೆಂದರೆ ಆ ಸರಾಸರಿ ಸೊನ್ನೆಗಿಂತ ಸುಮಾರು 23ರಿಂದ 29 ಡಿಗ್ರಿ ಸೆಲ್ಸಿಯಸ್ ಕೆಳಗೆ. ಗಿಡ ಕೊಳ್ಳುವಾಗ ಈ ಸಂಖ್ಯೆ ಉಪಯುಕ್ತ. ಗಿಡವನ್ನು ಯಾವಾಗ ಎತ್ತಿ ಸೀಳಬೇಕೆಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ. ಬೇರೂರಿದ ಗಿಡ ಎಷ್ಟು ಚಳಿ ತಾಳುತ್ತದೆಂದು ನಕ್ಷೆ ಹೇಳುತ್ತದೆ. ಬೇರು ಕತ್ತರಿಸಿದ ಗಿಡ ಮತ್ತೆ ಬೇರೂರಲು ಎಷ್ಟು ದಿನ ಬೇಕೆಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಗಿಡದ ಒಳಗೇ ಇದೆ. ಆಗಸ್ಟ್ ಕಳೆಯುತ್ತಿದ್ದಂತೆ ಹಗಲು ಕುಗ್ಗುತ್ತದೆ, ಗಿಡ ಅದನ್ನು ಗುರುತಿಸುತ್ತದೆ. ಹೊಸ ಎಲೆ ಹೊರಡಿಸುವುದನ್ನು ನಿಲ್ಲಿಸಿ, ಇರುವ ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಬುಡಕ್ಕೆ ಇಳಿಸತೊಡಗುತ್ತದೆ. ಚಾಮರಾಜನಗರದ ಅರಿಶಿನ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಎಲೆ ಹಳದಿಯಾಗಿ ಒಣಗಿ ಬಿದ್ದರೆ ಗೆಡ್ಡೆ ಬಲಿತಿದೆ ಎಂದು ಅವರಿಗೆ ಗೊತ್ತು. ಚಳಿನಾಡಿನ ಡೇಲಿಲಿಯ ಎಲೆ ಹಳದಿಯಾಗುವುದರ ಅರ್ಥವೂ ಅದೇ, ಕಣಜ ನೆಲದೊಳಗೆ ತುಂಬಿದೆ ಎಂದು. ಇತ್ತ ಮಣ್ಣು ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲ. ಗಾಳಿಯ ಉಷ್ಣಾಂಶ ಒಂದೇ ರಾತ್ರಿಯಲ್ಲಿ ಹದಿನೈದು ಡಿಗ್ರಿ ಇಳಿದುಬಿಡಬಹುದು. ಬೇಸಿಗೆಯಿಡೀ ಕಾವು ಹೀರಿಕೊಂಡ ತೇವದ ಮಣ್ಣು, ಒಂದು ಗೇಣು ಆಳದಲ್ಲಿ, ಅಷ್ಟು ಇಳಿಯಲು ವಾರಗಟ್ಟಲೆ ಬೇಕು. ಮಣ್ಣು ನಾಲ್ಕೈದು ಡಿಗ್ರಿಗೆ ಇಳಿಯುವವರೆಗೂ ಈ ಗಿಡಗಳ ಬೇರು ಬೆಳೆಯುತ್ತಲೇ ಇರುತ್ತದೆ, ಚಳಿ ಹೆಚ್ಚಿದಂತೆ ನಿಧಾನವಾದರೂ. ಹೀಗಾಗಿ ಸೆಪ್ಟೆಂಬರ್‌ನಲ್ಲಿ ಒಂದು ಅಪರೂಪದ ಹೊಂದಾಣಿಕೆ ಸಿಗುತ್ತದೆ: ಬೇರಿಗೆ ಬೇಕಾದ ಆಹಾರ ಬುಡದಲ್ಲಿದೆ, ಮಣ್ಣು ಬೆಚ್ಚಗಿದೆ, ಮೇಲೆ ಹೊಸ ಚಿಗುರಿನ ಬೇಡಿಕೆಯೇ ಇಲ್ಲ.

ಬುಡ ಸೀಳುವಾಗ ಗಿಡಕ್ಕಾಗುವ ದೊಡ್ಡ ನಷ್ಟ ಕಣ್ಣಿಗೆ ಕಾಣುವ ದಪ್ಪ ಬೇರುಗಳದ್ದಲ್ಲ. ನೀರು ಹೀರುವ ಕೆಲಸ ಮಾಡುವುದು ಎಳೆಬೇರಿನ ತುದಿಯ ಸೂಕ್ಷ್ಮ ಬೇರುರೋಮಗಳು. ಗಿಡ ಎತ್ತಿದ ಕೂಡಲೇ ಅವು ಹರಿದುಹೋಗುತ್ತವೆ, ಗಾಳಿಗೆ ಒಣಗುತ್ತವೆ. ಹೊಸ ಎಳೆಬೇರು ಬರುವವರೆಗೆ ಗಿಡ ಬಾಯಾರಿಕೆಯಲ್ಲೇ ಇರುತ್ತದೆ. ಜೂನ್ ತಿಂಗಳ ಬಿಸಿಲಿನಲ್ಲಿ, ಎಲೆ ತುಂಬಿದ ಗಿಡಕ್ಕೆ ಈ ಸ್ಥಿತಿ ಬಂದರೆ ಎಲೆಗಳು ಬಿಡುವ ನೀರನ್ನು ಬೇರು ತುಂಬಿಕೊಡಲಾರದೆ ಗಿಡ ಬಾಡುತ್ತದೆ. ಸೆಪ್ಟೆಂಬರ್‌ನಲ್ಲಿ ಬಿಸಿಲು ಓರೆಯಾಗಿದೆ, ರಾತ್ರಿ ತಂಪು, ಎಲೆ ಹೇಗಿದ್ದರೂ ಹೋಗುವಂಥದ್ದು. ಕಾಂಡವನ್ನು ಒಂದು ಗೇಣಿಗೆ ಕತ್ತರಿಸಿಬಿಟ್ಟರೂ ಗಿಡಕ್ಕೆ ದೊಡ್ಡ ನಷ್ಟವಿಲ್ಲ. ಹಾಗೆಂದು ನೀರು ಬೇಡವೆಂದಲ್ಲ. ಮಳೆ ಬಾರದಿದ್ದರೆ ವಾರಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಮಳೆಗೆ ಸಮನಾದ ನೀರನ್ನು ನೆಲ ಹೆಪ್ಪುಗಟ್ಟುವವರೆಗೂ ಕೊಡಬೇಕು. ಚಳಿ ಬಂತೆಂದು ನೀರಿನ ಪೈಪು ಸುತ್ತಿಟ್ಟುಬಿಡುವುದರಿಂದ ಸಾಯುವ ಹೊಸ ನಾಟಿಗಳ ಸಾವನ್ನು ನಾವು ಸುಮ್ಮನೆ ಚಳಿಯ ಲೆಕ್ಕಕ್ಕೆ ಬರೆಯುತ್ತೇವೆ. ಸಾರಜನಕದ ಗೊಬ್ಬರ ಮಾತ್ರ ಈ ಹೊತ್ತಿನಲ್ಲಿ ಕೊಡಬಾರದು, ಅದು ನಿದ್ದೆಗೆ ಹೊರಟ ಗಿಡವನ್ನು ಚಿಗುರಿಗೆ ಎಬ್ಬಿಸುತ್ತದೆ.

ಸೀಳುವ ಅಗತ್ಯವಾದರೂ ಏನು, ಚೆನ್ನಾಗಿರುವ ಗಿಡವನ್ನು ಅದರ ಪಾಡಿಗೆ ಬಿಡಬಾರದೇ ಎಂದು ಕೇಳುವವರಿದ್ದಾರೆ. ಕೆಲವನ್ನು ಬಿಡಬಹುದು, ಪಿಯೋನಿ ಐವತ್ತು ವರ್ಷ ಒಂದೇ ಜಾಗದಲ್ಲಿ ಹೂ ಕೊಟ್ಟೀತು. ಬ್ಯಾಪ್ಟಿಸಿಯಾ, ಲೂಪಿನ್‌ನಂಥ ಆಳದ ತಾಯಿಬೇರಿನ ಗಿಡಗಳನ್ನಂತೂ ಮುಟ್ಟದಿರುವುದೇ ಒಳ್ಳೆಯದು. ಆದರೆ ಐರಿಸ್, ಡೇಲಿಲಿ, ಫ್ಲಾಕ್ಸ್‌ಗಳು ವರ್ಷವರ್ಷ ಹೊರಗಂಚಿನಲ್ಲಿ ಹೊಸ ಕಂದುಗಳನ್ನು ಹೊರಡಿಸುತ್ತ ಅಗಲವಾಗುತ್ತವೆ. ನಡುವಿನ ಹಳೆಯ ಭಾಗ ನಾರಾಗಿ, ಮಣ್ಣಿನ ಸಾರವನ್ನೆಲ್ಲ ಉಂಡು ಮುಗಿಸಿ ಬರಿದಾಗುತ್ತದೆ. ಹೂವಿನ ಸಂಖ್ಯೆ ಇಳಿಯುತ್ತದೆ, ಗಾತ್ರವೂ ಇಳಿಯುತ್ತದೆ, ಒತ್ತೊತ್ತಾಗಿ ನಿಂತ ಫ್ಲಾಕ್ಸ್‌ಗೆ ಗಾಳಿಯಾಡದೆ ಬೂದಿರೋಗ ಬರುತ್ತದೆ. ಆಗ ಎತ್ತಿ, ನಡುವಿನ ಸತ್ತ ಭಾಗವನ್ನು ಗೊಬ್ಬರದ ಗುಂಡಿಗೆ ಹಾಕಿ, ಅಂಚಿನ ಎಳೆಯ ಹೋಳುಗಳನ್ನು ಮಾತ್ರ ನೆಡುವುದು ಗಿಡಕ್ಕೆ ಮರುಹುಟ್ಟು ಕೊಟ್ಟಂತೆ. ಸಡಿಲ ಬೇರಿನ ಗಿಡವಾದರೆ ಕೈಯಿಂದಲೇ ಬಿಡಿಸಬಹುದು. ಹೆಣೆದುಕೊಂಡ ಬೇರಾದರೆ ನಾಲ್ಕು ಹಲ್ಲಿನ ಎರಡು ಫೋರ್ಕ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬುಡದ ನಡುವೆ ಊರಿ, ಹಿಡಿಗಳನ್ನು ಎದುರುಬದುರು ಮೀಟುವುದು ಇಂಗ್ಲೆಂಡಿನ ತೋಟಗಾರರ ಹಳೆಯ ವಿಧಾನ. ಕತ್ತಿಯಿಂದ ಕಡಿದಷ್ಟು ಬೇರು ಇದರಲ್ಲಿ ಹಾಳಾಗುವುದಿಲ್ಲ. ಹೋಸ್ಟಾದ ಗಟ್ಟಿ ಬುಡಕ್ಕೆ ಚೂಪಾದ ಚಾಕುವೇ ಬೇಕು. ಹೋಳು ಮುಷ್ಟಿಯಷ್ಟಾದರೂ ದೊಡ್ಡದಿರಲಿ. ಒಂದು ಗಿಡದಿಂದ ಹತ್ತು ಗಿಡ ಮಾಡುವ ಆಸೆಗೆ ಬಿದ್ದು ಮಾಡಿದ ಚೂರುಗಳಲ್ಲಿ ಚಳಿಗಾಲ ದಾಟಲು ಬೇಕಾದ ದಾಸ್ತಾನೇ ಇರುವುದಿಲ್ಲ.

ಶರತ್ಕಾಲದ ಪಕ್ಷಕ್ಕೆ ನಾನು ಕೊಡಬಲ್ಲ ಅತ್ಯಂತ ಬಲವಾದ ಸಾಕ್ಷಿ ಪಿಯೋನಿಯದು. ಅದರ ಕೆಂಪು ಮೊಗ್ಗುಗಳು, ಬೆಳೆಗಾರರು ಕಣ್ಣು ಎನ್ನುವಂಥವು, ಬೇಸಿಗೆಯ ಕೊನೆಯಲ್ಲೇ ಬುಡದಲ್ಲಿ ರೂಪುಗೊಂಡಿರುತ್ತವೆ. ನೀರುಣ್ಣುವ ತೆಳುಬೇರುಗಳನ್ನು ಅದು ಹೊರಡಿಸುವುದು ಶರತ್ಕಾಲದಲ್ಲೇ. ಮೂರರಿಂದ ಐದು ಕಣ್ಣುಗಳಿರುವ ಹೋಳನ್ನು ಸೆಪ್ಟೆಂಬರ್‌ನಲ್ಲಿ ನೆಟ್ಟರೆ ಆ ತೆಳುಬೇರು ಹೊಸ ಜಾಗದಲ್ಲೇ ಹುಟ್ಟುತ್ತದೆ. ವಸಂತಕ್ಕೆ ಕಾದರೆ, ಕಣ್ಣು ಕಾಂಡವಾಗಿ ಮೇಲೇಳುವ ವೇಗದ ನಡುವೆಯೇ ಬೇರು ಹರಿಯುತ್ತದೆ, ಗಿಡ ವರ್ಷಗಟ್ಟಲೆ ಮುನಿಸಿಕೊಂಡು ನಿಲ್ಲುತ್ತದೆ. ಕಣ್ಣಿನ ಮೇಲೆ ಐದು ಸೆಂಟಿಮೀಟರ್‌ಗಿಂತ ಹೆಚ್ಚು ಮಣ್ಣು ಬೀಳಬಾರದು. ಚಳಿಯಿಂದ ಕಾಪಾಡುವ ಅಕ್ಕರೆಯಿಂದ ಆಳಕ್ಕೆ ನೆಟ್ಟ ಪಿಯೋನಿ ಎಲೆ ಕೊಡುತ್ತದೆ, ಹೂ ಕೊಡುವುದಿಲ್ಲ. ಹೂ ಬಿಡಲು ಅದಕ್ಕೆ ಚಳಿ ಬೇಕೇ ಬೇಕು. ಗಡ್ಡದ ಐರಿಸ್ ಇನ್ನೂ ಮುಂಚಿತ: ಹೂ ಮುಗಿದು ಒಂದೆರಡು ತಿಂಗಳಲ್ಲಿ, ಜುಲೈ ಆಗಸ್ಟ್‌ನಲ್ಲೇ, ಅದನ್ನು ಎತ್ತಿ ಬಿಡಿಸಿ, ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುವಂತೆ ನೆಡುತ್ತಾರೆ. ಅದನ್ನು ಹೂಳಿದರೆ ಕೊಳೆಯುತ್ತದೆ.

ಇದೇ ತರ್ಕದ ಇನ್ನೊಂದು ಮಗ್ಗುಲನ್ನು ತೋರಿಸುವುದು ನಮಗೆ ಚಿರಪರಿಚಿತವಾದ ಸೇವಂತಿಗೆ. ಅಮೆರಿಕದಲ್ಲಿ ಸೆಪ್ಟೆಂಬರ್ ಬಂದರೆ ಪ್ರತಿ ಅಂಗಡಿಯ ಮುಂದೆ ಹೂ ತುಂಬಿದ ಸೇವಂತಿಗೆ ಕುಂಡಗಳು. ಅಲ್ಲಿ ಅವಕ್ಕೆ ಮಮ್ ಎಂಬ ಹೆಸರು. ದಸರಾ ಪೂಜೆಗೂ ಮನೆಬಾಗಿಲಿಗೂ ಒದಗುವುದರಿಂದ ಕನ್ನಡಿಗರ ಮನೆಗಳೂ ಅವನ್ನು ಕೊಳ್ಳುತ್ತವೆ. ಹೂ ಮುಗಿದ ಮೇಲೆ ಅಕ್ಟೋಬರ್ ಕೊನೆಗೆ ನೆಲದಲ್ಲಿ ನೆಟ್ಟರೆ ಬಹುತೇಕ ಅವು ವಸಂತಕ್ಕೆ ಏಳುವುದಿಲ್ಲ. ಚಳಿ ತಾಳುವ ತಳಿ ಎಂದು ಚೀಟಿಯಲ್ಲಿ ಬರೆದಿತ್ತಲ್ಲ ಎಂದು ಕೊಂಡವರು ನೊಂದುಕೊಳ್ಳುತ್ತಾರೆ. ಚೀಟಿ ಸುಳ್ಳಾಗಿರಬೇಕಿಲ್ಲ. ಶರತ್ಕಾಲದಲ್ಲಿ ಹೂ ಬಿಡುವ ಗಿಡ ತನ್ನ ಶಕ್ತಿಯನ್ನೆಲ್ಲ ಮೇಲಕ್ಕೆ, ಹೂವಿಗೆ ಕಳಿಸುತ್ತಿರುತ್ತದೆ. ಬೇರಿಳಿಸಲು ಅದರ ಬಳಿ ಏನೂ ಉಳಿದಿರುವುದಿಲ್ಲ, ಕಾಲವೂ ಉಳಿದಿರುವುದಿಲ್ಲ. ಕರ್ನಾಟಕದ ಸೇವಂತಿಗೆ ಬೆಳೆಗಾರರು ಹೂ ಮುಗಿದು ತಾಯಿಗಿಡದ ಬುಡದಲ್ಲಿ ಕಂದು ಎದ್ದ ಮೇಲೆ ಅವನ್ನು ಬಿಡಿಸಿಕೊಳ್ಳುತ್ತಾರೆ. ಚಳಿನಾಡಿನಲ್ಲಿ ಆ ಕಂದು ಏಳುವುದು ವಸಂತದಲ್ಲಿ, ಆದ್ದರಿಂದ ಸೇವಂತಿಗೆಯನ್ನು ಸೀಳುವುದೂ ವಸಂತದಲ್ಲೇ. ಶರತ್ಕಾಲದ ಆಸ್ಟರ್‌ಗಳಿಗೂ ಜಪಾನಿ ಅನಿಮೋನ್‌ಗೂ ಇದೇ ನಿಯಮ. ಮಿಸ್ಕ್ಯಾಂಥಸ್‌ನಂಥ ಎತ್ತರದ ಅಲಂಕಾರಿಕ ಹುಲ್ಲುಗಳು ಬೆಚ್ಚನೆಯ ಕಾಲದಲ್ಲಿ ಮಾತ್ರ ಬೇರು ಬಿಡುವುದರಿಂದ ಅವೂ ವಸಂತಕ್ಕೇ ಸೇರಿದವು.

ಇನ್ನು ಗಂಭೀರವಾದ ಆಕ್ಷೇಪಕ್ಕೆ ಬರೋಣ. ಶರತ್ಕಾಲದಲ್ಲಿ ನೆಟ್ಟ ಹೋಳುಗಳು ಚಳಿಗಾಲ ಕಳೆದು ನೋಡಿದರೆ ನೆಲದ ಮೇಲೆ ಬೇರು ಕಾಣುವಂತೆ ಎದ್ದು ಬಿದ್ದಿರುವುದುಂಟು. ಇದು ನಿಜ, ಶರತ್ಕಾಲದ ನಾಟಿಯ ದೊಡ್ಡ ಅಪಾಯವೂ ಇದೇ. ಕಾರಣವನ್ನು ಸರಿಯಾಗಿ ತಿಳಿದರೆ ತಡೆಯೂ ಸಿಗುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಆ ಹಿಗ್ಗುವಿಕೆಯೇ ನೆಲವನ್ನು ಎತ್ತುತ್ತದೆ ಎಂದು ಬಹುಕಾಲ ನಂಬಿದ್ದರು. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929 ಮತ್ತು 1930ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ನಂಬಿಕೆಯನ್ನು ಕೆಡವಿದವು. ಅವರು ನೀರಿನ ಬದಲು ಬೆಂಜೀನ್ ತುಂಬಿದ ಮಣ್ಣನ್ನು ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಮೇಲೆದ್ದಿತು. ಅಂದರೆ ಎತ್ತುವುದು ಹಿಗ್ಗುವಿಕೆಯಲ್ಲ. ಹೆಪ್ಪುಗಟ್ಟುವ ಪದರ ಕೆಳಗಿನ ತೇವದ ಮಣ್ಣಿನಿಂದ ನೀರನ್ನು ಸೆಳೆದುಕೊಳ್ಳುತ್ತ ಪದರಪದರವಾಗಿ ಶುದ್ಧ ಮಂಜುಗಡ್ಡೆಯ ಬಿಲ್ಲೆಗಳನ್ನು ಕಟ್ಟುತ್ತದೆ, ಆ ಬಿಲ್ಲೆಗಳು ಮೇಲಿನ ಮಣ್ಣನ್ನೂ ಅದರೊಳಗಿನ ಬುಡವನ್ನೂ ಎತ್ತುತ್ತವೆ. ಹೀಗೆ ನೀರು ಏರಿ ಬರಲು ನುಣುಪಾದ ಮೆಕ್ಕಲು ಮಣ್ಣು ಅತ್ಯಂತ ಅನುಕೂಲ, ದಪ್ಪ ಮರಳಿನಲ್ಲಿ ಅದು ಬಹಳ ಕಡಿಮೆ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದಷ್ಟೂ ಬುಡ ಮೇಲೇರುತ್ತದೆ, ಕೆಳಗಿಳಿಯುವಾಗ ಮಾತ್ರ ಮೊದಲಿನ ಜಾಗಕ್ಕೆ ಮರಳುವುದಿಲ್ಲ.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಗಿಡವನ್ನು ನೆಲಕ್ಕೆ ಕಟ್ಟಿಹಾಕುವುದು ಬೇರು ಮಾತ್ರ, ಆ ಬೇರು ಸುತ್ತಲ ಮಣ್ಣಿಗೆ ಹರಡಲು ನಾಲ್ಕರಿಂದ ಆರು ವಾರ ಬೇಕು. ಲೆಕ್ಕವನ್ನು ನೆಲ ಹೆಪ್ಪುಗಟ್ಟುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಮಿನೆಸೋಟದಲ್ಲಿ ಅದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವ ಒಳಗೆ. ನ್ಯೂಜೆರ್ಸಿಯಲ್ಲಿ ಅಕ್ಟೋಬರ್ ನಡುವಿನವರೆಗೂ ಸಲಿಕೆ ಹಿಡಿಯಬಹುದು. ಎಲೆ ಸುಡುವ ಮೊದಲ ಹಿಮದ ರಾತ್ರಿ ಬಂದೊಡನೆ ಎಲ್ಲ ಮುಗಿಯಿತೆಂದು ಕೈಚೆಲ್ಲುವುದೂ ತಪ್ಪು, ಹೊರಗೆ ಬೆಚ್ಚಗಿದೆಯೆಂದು ನವೆಂಬರ್‌ವರೆಗೆ ಎಳೆಯುವುದೂ ತಪ್ಪು. ಸಂಶಯವಿದ್ದರೆ ಮಣ್ಣಿನ ಥರ್ಮಾಮೀಟರನ್ನು ಬೆಳಗಿನ ಹೊತ್ತು ಹತ್ತು ಸೆಂಟಿಮೀಟರ್ ಆಳಕ್ಕೆ ಚುಚ್ಚಿ ನೋಡುವುದೇ ನ್ಯಾಯ. ಎರಡನೆಯದು ಹೊದಿಕೆಯ ವಿಚಾರ. ಒಣಹುಲ್ಲು, ಪೈನ್ ಕೊಂಬೆ, ತರಗೆಲೆಯ ದಪ್ಪ ಹೊದಿಕೆಯನ್ನು ಗಿಡ ಬೆಚ್ಚಗಿರಲಿ ಎಂದು ಹಾಕುತ್ತೇವೆ ಎಂದುಕೊಳ್ಳುವವರು ಅಕ್ಟೋಬರ್‌ನಲ್ಲೇ ಅದನ್ನು ಹೊದಿಸಿಬಿಡುತ್ತಾರೆ. ಅದರಡಿ ಇಲಿಗಳು ಗೂಡು ಮಾಡುತ್ತವೆ, ಬುಡ ಕೊಳೆಯುತ್ತದೆ. ಆ ಹೊದಿಕೆ ಹಾಕುವುದು ಹೆಪ್ಪುಗಟ್ಟಿದ ನೆಲ ಹೆಪ್ಪುಗಟ್ಟಿಯೇ ಇರಲಿ ಎಂದು, ಜನವರಿಯ ಒಂದು ಬಿಸಿಲಿಗೆ ಅದು ಕರಗದಿರಲಿ ಎಂದು. ಹಾಗಾಗಿ ನೆಲ ಹೆಪ್ಪುಗಟ್ಟಿದ ನಂತರವೇ ಅದನ್ನು ಹಾಕಬೇಕು.

ವಸಂತದ ಪಕ್ಷ ವಹಿಸುವವರ ಮಾತಿನಲ್ಲೂ ಹುರುಳಿದೆ, ಆದರೆ ಅದು ಊರಿನ ಮೇಲೆ ನಿಂತದ್ದು. ಅಮೆರಿಕದ ಒಳನಾಡಿನ ವಸಂತ ಚಿಕ್ಕದು. ಏಪ್ರಿಲ್‌ನಲ್ಲಿ ಮಣ್ಣು ಕೆಸರಾಗಿ ತಣ್ಣಗಿರುತ್ತದೆ, ಜೂನ್ ಬರುವಷ್ಟರಲ್ಲಿ ಬಿಸಿಲು ಸುಡುತ್ತದೆ. ನಡುವೆ ಬೇರಿಗೆ ಸಿಗುವ ಬಿಡುವು ಕೆಲವೇ ವಾರ. ಇಂಗ್ಲೆಂಡಿನಲ್ಲಿ ನೆಲ ಆಳಕ್ಕೆ ಹೆಪ್ಪುಗಟ್ಟುವುದು ಅಪರೂಪ, ಅಲ್ಲಿ ಗಿಡ ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಜೇಡಿಮಣ್ಣಿನಲ್ಲಿ ನಿಂತ ಚಳಿಗಾಲದ ನೀರು. ಅಂಥ ಮಣ್ಣಿನಲ್ಲಿ ಹಸಿ ಗಾಯದ ಹೋಳುಗಳನ್ನು ವಸಂತದವರೆಗೆ ತಡೆಯುವುದೇ ವಿವೇಕ. ಅದೇ ದೇಶದ ಪೂರ್ವದ ಎಸೆಕ್ಸ್‌ನಲ್ಲಿ ತೋಟಗಾರ್ತಿ ಬೆತ್ ಚಾಟೊ 1990ರ ದಶಕದ ಆರಂಭದಲ್ಲಿ ಹಳೆಯ ಕಾರು ನಿಲ್ದಾಣವೊಂದನ್ನು ಜಲ್ಲಿತೋಟ ಮಾಡಿ, ನೀರು ಹಾಯಿಸದೆಯೇ ಬೆಳೆಸಿ ತೋರಿಸಿದರು. ಅಲ್ಲಿ ವರ್ಷದ ಮಳೆ ಸುಮಾರು 50 ಸೆಂಟಿಮೀಟರ್ ಮಾತ್ರ. ಬೇಸಿಗೆ ಒಣಗುವ, ನೀರು ಬಸಿದುಹೋಗುವ ಅಂಥ ನೆಲದಲ್ಲಿ ಚಳಿಗಾಲದ ಮಳೆಯೇ ಹೊಸ ಬೇರಿನ ಆಸರೆ, ಹಾಗಾಗಿ ಶರತ್ಕಾಲದ ನಾಟಿಗೇ ಅಲ್ಲಿ ಬೆಲೆ. ಕೆನಡಾದ ಬಯಲುಸೀಮೆಯಲ್ಲಿ, ವಿನಿಪೆಗ್‌ನಂಥ ಊರುಗಳಲ್ಲಿ, ಚಳಿ ಬೇಗ ಬರುವುದರಿಂದ ಪಿಯೋನಿಯಂಥವನ್ನು ಬಿಟ್ಟು ಉಳಿದವನ್ನು ವಸಂತಕ್ಕೆ ಇಡುವವರನ್ನು ತಪ್ಪೆನ್ನಲಾಗದು.

ಹವಾಮಾನ ಬಿಸಿಯಾಗುತ್ತಿದೆ, ಹಾಗಾದರೆ ಇನ್ನು ತಡವಾಗಿ ನೆಡಬಹುದಲ್ಲವೇ ಎಂಬುದು ಹೊಸ ವಾದ. 1991ರಿಂದ 2020ರ ಮಾಹಿತಿಯ ಮೇಲೆ ಮಾಡಿ 2023ರ ನವೆಂಬರ್‌ನಲ್ಲಿ ಹೊರತಂದ ವಲಯ ನಕ್ಷೆಯಲ್ಲಿ ಅಮೆರಿಕದ ಸುಮಾರು ಅರ್ಧ ಭಾಗ 2012ರ ನಕ್ಷೆಗಿಂತ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿದಿದೆ. ಆದರೆ ಅತಿ ಚಳಿಯ ರಾತ್ರಿ ಒಂದೆರಡು ಡಿಗ್ರಿ ಬೆಚ್ಚಗಾದ ಮಾತ್ರಕ್ಕೆ ಹೊಸ ನಾಟಿಗೆ ಚಳಿಗಾಲ ಮೃದುವಾಯಿತೆಂದಲ್ಲ. ಒಳಗೆಲ್ಲ ಗಾಳಿ ತುಂಬಿಕೊಂಡ ಹೊಸ ಹಿಮ ಚಳಿನಾಡಿನ ಅತ್ಯುತ್ತಮ ಹೊದಿಕೆ. ಅದರಡಿಯ ಮಣ್ಣು ಮೇಲಿನ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ, ಏರುಪೇರಿಲ್ಲದೆ ಇರುತ್ತದೆ. ಹಿಮ ಬೀಳುವ ಬದಲು ಮಳೆ ಬಿದ್ದು, ಆಮೇಲೆ ಬರಿನೆಲದ ಮೇಲೆ ಚಳಿ ಇಳಿದರೆ ಟೇಬರ್ ತೋರಿಸಿದ ಬಿಲ್ಲೆಗಳಿಗೆ ನೀರೂ ಸಿಕ್ಕಿತು, ಚಳಿಯೂ ಸಿಕ್ಕಿತು. ಬೆಚ್ಚಗಿನ ಅಕ್ಟೋಬರ್ ಕೊಡುವ ಹೆಚ್ಚಿನ ದಿನಗಳನ್ನು ತಡಮಾಡಲು ಬಳಸುವುದಕ್ಕಿಂತ, ಮೊದಲಿನ ದಿನಾಂಕಕ್ಕೇ ನೆಟ್ಟು ಬೇರಿಗೆ ಹೆಚ್ಚು ಕಾಲ ಕೊಡಲು ಬಳಸುವುದು ಲೇಸು.

ಸೀಳಿದ ಗಿಡವನ್ನು ನೆರೆಯವರಿಗೆ, ಗೆಳೆಯರಿಗೆ, ಕನ್ನಡ ಕೂಟದಲ್ಲಿ ಸಿಕ್ಕವರಿಗೆ ಹಂಚುವುದು ಈ ಕೆಲಸದ ದೊಡ್ಡ ಸಂತೋಷ. ಅದಕ್ಕೆ ಈಗ ಒಂದು ತೊಡಕು ಬಂದಿದೆ. ಪೂರ್ವ ಏಷ್ಯಾ ಮೂಲದ ಜಿಗಿಯುವ ಎರೆಹುಳು ಅಮೆರಿಕದ ಈಶಾನ್ಯದಲ್ಲೂ ಮಧ್ಯಪಶ್ಚಿಮದಲ್ಲೂ ಹರಡುತ್ತಿದೆ. ವಿಸ್ಕಾನ್ಸಿನ್‌ನಲ್ಲಿ ಅದು ದೃಢಪಟ್ಟದ್ದು 2013ರಲ್ಲಿ. ನಮ್ಮ ರೈತರಿಗೆ ಎರೆಹುಳು ಮಿತ್ರ. ಈ ಹುಳು ಹಾಗಲ್ಲ. ನೆಲದ ಮೇಲಿನ ತರಗೆಲೆಯ ಪದರವನ್ನೆಲ್ಲ ತಿಂದು, ಮೇಲ್ಮಣ್ಣನ್ನು ಬೇರು ಹಿಡಿತಕ್ಕೆ ಸಿಗದ ಸಡಿಲ ಹರಳುಪುಡಿ ಮಾಡಿಬಿಡುತ್ತದೆ. ಹುಳು ಚಳಿಗೆ ಸಾಯುತ್ತದೆ, ಮಣ್ಣಿನ ಬಣ್ಣದ ಸಣ್ಣ ಮೊಟ್ಟೆಗೂಡು ಚಳಿಗಾಲ ದಾಟುತ್ತದೆ, ಉಡುಗೊರೆ ಗಿಡದ ಮಣ್ಣಿನ ಹೆಂಟೆಯಲ್ಲಿ ಊರಿಂದೂರಿಗೆ ಹೋಗುತ್ತದೆ. ಆದ್ದರಿಂದ ಕೊಡುವ ಹೋಳಿನ ಮಣ್ಣನ್ನು ಪೂರ್ತಿ ತೊಳೆದು ಬರಿಬೇರಿನಲ್ಲೇ ಕೊಡಬೇಕು, ಪಡೆದವರು ಒದ್ದೆ ಕಾಗದದಲ್ಲಿ ಸುತ್ತಿ ಒಯ್ದು ಅದೇ ದಿನ ನೆಡಬೇಕು. ತೊಳೆಯುವಾಗ ಉಳಿದಿದ್ದ ಎಳೆಬೇರೂ ಹೋಗುವುದರಿಂದ ಅಂಥ ಹೋಳಿಗೆ ಚೇತರಿಕೆಯ ಕಾಲ ಹೆಚ್ಚು ಬೇಕು. ಹಂಚಲೆಂದು ಇಟ್ಟ ಗಿಡಗಳನ್ನು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದಲ್ಲೇ ಎತ್ತಿ, ತಮ್ಮದೇ ತೋಟದೊಳಗೆ ಮಣ್ಣಿನ ಹೆಂಟೆಯೊಡನೆ ಜಾಗ ಬದಲಿಸುವ ಗಿಡಗಳನ್ನು ಅದರ ನಂತರ ಎತ್ತುವುದು ಸರಿಯಾದ ಕ್ರಮ.